ಬೀಪ್ ಒಂದು ಸ್ಕ್ಯಾನ್ ತಡವಾಗಿ ಬರುತ್ತಿದ್ದರೆ

ಟೆಲ್ನೆಟ್‌ನಲ್ಲಿ (ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಸೇರುವ ವಿಧಾನ) ಓಡುವ ಹ್ಯಾಂಡ್‌ಹೆಲ್ಡ್ ಬಾರ್‌ಕೋಡ್ ಸ್ಕ್ಯಾನರ್, ವಿಟಿ100 ಮೋಡ್ (ಹಳೆಯ ವಿಟಿ100 ಟರ್ಮಿನಲ್‌ನ ಕೋಡ್‌ಗಳನ್ನು ಪಾಲಿಸುವ ಕ್ರಮ). ತಪ್ಪು ಬಾರ್‌ಕೋಡ್ ಹೊಡೆದರೆ ಸಂದೇಶ ಕೂಡಲೇ ಬರುತ್ತಿತ್ತು, ಬೀಪ್ ಮಾತ್ರ ಮುಂದಿನ ಸ್ಕ್ಯಾನ್‌ಗೆ. ಅಂದರೆ ಸರಿಯಾದ ಮಾಲಿಗೆ ಎಚ್ಚರಿಕೆ!

ವಾಲ್ಯೂಮ್ ಏರಿಸಿದೆ, ಬ್ಯಾಟರಿ ತೆಗೆದು ಹಾಕಿದೆ, ಬೇರೆ ಯಂತ್ರ ಹಿಡಿದೆ. ಅದೇ ಕಥೆ.

ತಪ್ಪಿದ್ದದ್ದು ಸರ್ವರ್ ಪ್ರೋಗ್ರಾಂನಲ್ಲಿ. ಹೊಸ ಸಾಲಿನ ಕೋಡ್ ಬಂದಾಗಲೇ ಅದು ಮಾಹಿತಿ ಕಳಿಸುತ್ತಿತ್ತು. ಸಂದೇಶದ ಕೊನೆಗೆ ಆ ಕೋಡ್ ಇತ್ತು, ಅದರ ನಂತರದ ಬೆಲ್ ಕೋಡ್ 7ಕ್ಕೆ (ಬೀಪ್ ಮಾಡಿಸುವ ಕೋಡ್) ಇರಲಿಲ್ಲ. ಹಾಗಾಗಿ 7 ಬಫರ್‌ನಲ್ಲೇ (ಕಳಿಸುವ ಮುನ್ನ ಮಾಹಿತಿ ಕಾಯುವ ಜಾಗ) ಕೂತಿರುತ್ತಿತ್ತು. 7ರ ನಂತರವೂ ಹೊಸ ಸಾಲು ಸೇರಿಸಿದರೆ ಬೀಪ್ ಸಮಯಕ್ಕೆ ಬಂತು, ಆದರೆ ಪುಟ್ಟ ಪರದೆಯ ಮೇಲಿನ ಸಾಲು ಹಾರಿಹೋಯಿತು.

ಈಗಿನ ಕ್ರಮ, ದಶಮಾಂಶದಲ್ಲಿ: ಪರದೆ ಅಳಿಸಲು 27 91 50 74, ಕರ್ಸರ್ ಮೇಲಿನ ಎಡಮೂಲೆಗೆ 27 91 72, ಸಂದೇಶ, 7, ತಕ್ಷಣ ಬಫರ್ ಫ್ಲಶ್ (ಅದರಲ್ಲಿರುವುದನ್ನೆಲ್ಲ ಕೂಡಲೇ ಕಳಿಸುವುದು). ಎರಡು ಬೀಪ್ ಬೇಕಿದ್ದರೆ ಪ್ರತಿ 7ರ ನಂತರವೂ ಫ್ಲಶ್, ನಡುವೆ 300 ಮಿಲಿಸೆಕೆಂಡ್ ಬಿಡುವು. ಇಲ್ಲದಿದ್ದರೆ ಎರಡೂ ಒಂದೇ ಆಗಿ ಕೇಳಿಸುತ್ತವೆ.