ಕಾಳಿ ದಂಡೆಯಲ್ಲಿ ಒಬ್ಬನೇ ಟೆಂಟ್ ಹಾಕುವುದು

ಉತ್ತರ ಕನ್ನಡದ ಗಣೇಶಗುಡಿಯ ಕೆಳಗೆ ಕಾಳಿ ನದಿಗೆ ಬೆಳಿಗ್ಗೆ ಒಂದು ಮಟ್ಟ, ಸಂಜೆ ಇನ್ನೊಂದು. ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಬುಡದಲ್ಲಿ 50 ಮೆಗಾವಾಟ್‌ನ ಎರಡು ಘಟಕಗಳು. ಕರೆಂಟಿಗೆ ಬೇಡಿಕೆ ಬಂದಾಗ ಅವು ತಿರುಗುತ್ತವೆ, ಹೊಳೆ ಏರುತ್ತದೆ. ಒಂದು ಹನಿ ಮಳೆಯಿಲ್ಲದ ಜನವರಿಯಲ್ಲೂ ಅಷ್ಟೇ. ಹಾಗಾಗಿ ಬಂಡೆಗಳ ನಡುವಿನ ಮರಳು ಎಷ್ಟೇ ಹಸನಾಗಿ ಕಂಡರೂ ನಾನು ಅಲ್ಲಿ ಮಲಗುವುದಿಲ್ಲ.

ಇಲ್ಲಿನ ಹುಲಿ ಸಂರಕ್ಷಿತ ಪ್ರದೇಶದೊಳಗೆ ನಮ್ಮಷ್ಟಕ್ಕೆ ನಾವು ರಾತ್ರಿ ಉಳಿಯುವಂತಿಲ್ಲ. ಹೊಳೆಗೆ ತಾಗಿದ ಮಾಲ್ಕಿ ಜಮೀನಿನಲ್ಲಿ, ಯಜಮಾನರನ್ನು ಕೇಳಿಯೇ ಉಳಿಯುತ್ತೇನೆ. ನೆರೆ ಎಲ್ಲಿವರೆಗೆ ಬರುತ್ತದೆ, ಆನೆ, ಕಾಟಿ (ಕಾಡುಕೋಣ) ನೀರಿಗಿಳಿಯುವ ದಾರಿ ಯಾವುದು ಎಂದು ಅವರಿಂದಲೇ ತಿಳಿದುಕೊಳ್ಳುತ್ತೇನೆ. ಮರುದಿನ ಎಷ್ಟು ಗಂಟೆಯೊಳಗೆ ಬರದಿದ್ದರೆ ಹುಡುಕಬೇಕು ಎಂದೂ ಹೇಳಿಡುತ್ತೇನೆ, ಏಕೆಂದರೆ ಕೆಳಗೆ ಫೋನ್ ಹಿಡಿಯುವುದಿಲ್ಲ.

ಮಧ್ಯಾಹ್ನ 3ಕ್ಕೆ ತಲುಪಿದರೆ ಜಾಗ ನೋಡಲು ಬೆಳಕಿರುತ್ತದೆ. ಪೊದೆಗಳಿಗೆ ಸಿಕ್ಕಿಕೊಂಡ ಒಣಕಸ, ಕಾಂಡದ ಮೇಲಿನ ಕೆಸರಿನ ಗೆರೆ: ಇವು ನೆರೆಯ ಗುರುತು. ಟೆಂಟ್ ಅದಕ್ಕಿಂತ ಮೇಲಿರಬೇಕು, ನೀರಿನಿಂದ ಕನಿಷ್ಠ 60 ಮೀಟರ್ ಹಿಂದಿರಬೇಕು. ಬಿದಿರು ಮೆಳೆಯ ಬುಡ ಬೇಡ. ಒಣಗಿದ ಗಳ ಗಾಳಿಗೆ ಮುರಿದು ಬೀಳುತ್ತದೆ, ಎಳೆಬಿದಿರಿಗೆ ಆನೆ ಬರುತ್ತದೆ. ದಾಂಡೇಲಿ ಕಡೆಯ ನೀರಿನಲ್ಲಿ ಮೊಸಳೆಗಳೂ ಇವೆ. ಹಾಗಾಗಿ ಬೆಳಕಿರುವಾಗಲೇ 5 ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತೇನೆ, ಕತ್ತಲಾದ ಮೇಲೆ ದಡಕ್ಕೆ ಇಳಿಯುವುದಿಲ್ಲ. ಆ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡುತ್ತೇನೆ.

ಸಡಿಲ ಮಣ್ಣಿನಲ್ಲಿ ಗೂಟ ನಿಲ್ಲುವುದಿಲ್ಲ. ಒಂದಡಿ ಉದ್ದದ ಕೋಲಿನ ನಡುವಿಗೆ ಹಗ್ಗ ಕಟ್ಟಿ, ಅಡ್ಡಲಾಗಿ ಒಂದಡಿ ಆಳದಲ್ಲಿ ಹೂತು ತುಳಿದರೆ ಗಾಳಿಗೆ ಅಲುಗುವುದಿಲ್ಲ. ಕೆಳಗಿನ ಟಾರ್ಪಲ್ ಟೆಂಟಿನ ಅಂಚಿಗಿಂತ ನಾಲ್ಕು ಬೆರಳು ಒಳಗಿರಲಿ. ಹೊರಚಾಚಿದರೆ ಮಳೆಯ ನೀರನ್ನೆಲ್ಲ ಬೆನ್ನ ಕೆಳಗೇ ತರುತ್ತದೆ. ಚಳಿಯೆಂದು ಗಾಳಿಕಿಂಡಿ ಮುಚ್ಚುವುದು ಹಲವರು ಮಾಡುವ ತಪ್ಪು. ಉಸಿರಿನ ತೇವ ಒಳಗೇ ನಿಂತು, ಬೆಳಗಿನ ಹೊತ್ತಿಗೆ ಹೊದಿಕೆ ಒದ್ದೆಯಾಗಿರುತ್ತದೆ. ಕಿಂಡಿ ತೆರೆದಿಟ್ಟು ಇನ್ನೊಂದು ಸ್ವೆಟರ್ ಹಾಕಿಕೊಳ್ಳಿ.

ಸೌದೆಗೆ ಬೆಂಕಿ ಹಚ್ಚುವುದಿಲ್ಲ, ತರಗೆಲೆ ಒಣಗಿದ ಕಾಡದು. 230 ಗ್ರಾಂ ಗ್ಯಾಸ್ ಡಬ್ಬಿ ಒಬ್ಬರಿಗೆ ಎರಡು ದಿನ ಧಾರಾಳ. ಸ್ಟೌ ಮಾತ್ರ ಟೆಂಟಿನ ಒಳಗೆ ಉರಿಸಲೇಬೇಡಿ. ಅದರ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ನನಗೆ ಹುಲಿಗಿಂತ ಹೆಚ್ಚು ಚಿಂತೆ ರಕ್ತ ಹೀರುವ ಉಣ್ಣೆ ಹುಳದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಉತ್ತರ ಕನ್ನಡದಲ್ಲೂ ಇದೆ. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ನಾವು ಟೆಂಟ್ ಹಾಕುವ ಕಾಲದಲ್ಲೇ, ಅದರ ಹಾವಳಿ. ಮಂಗ ಸತ್ತು ಬಿದ್ದಿರುವ ಸುದ್ದಿ ಇದ್ದರೆ ಆ ಕಡೆ ಹೋಗುವುದಿಲ್ಲ. ಪ್ಯಾಂಟಿನ ಕಾಲನ್ನು ಸಾಕ್ಸ್ ಒಳಗೆ ಸೇರಿಸುತ್ತೇನೆ, ತರಗೆಲೆಯ ಮೇಲೆ ಕೂರುವುದಿಲ್ಲ. ಸಂಜೆ ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ತಡವಿ ನೋಡುತ್ತೇನೆ. ಕಚ್ಚಿಕೊಂಡಿದ್ದರೆ ಚರ್ಮಕ್ಕೆ ತಾಗುವಂತೆ ಚಿಮಟದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಬೆಂಕಿ ತಾಗಿಸಬೇಡಿ, ಉಗುರಿನಲ್ಲಿ ಜಜ್ಜಬೇಡಿ. ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು 3ರಿಂದ 8 ದಿನ ಬೇಕು. ಮನೆಗೆ ಬಂದ ಮೇಲೆ ಅಷ್ಟರೊಳಗೆ ತಲೆನೋವು, ಮೈಕೈ ನೋವಿನೊಂದಿಗೆ ಇದ್ದಕ್ಕಿದ್ದಂತೆ ಜ್ವರ ಬಂದರೆ, ಕಾಡಿನಲ್ಲಿ ಮಲಗಿ ಬಂದದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.