ದೆವ್ವಕ್ಕೆ ಹಸಿರು ಲೈಟು ಬೇಡ: ಮ್ಯಾಕ್‌ಬೆತ್ ಆಡಿಸಿದ ನನ್ನ ಅನುಭವ

ಮಾಟಗಾತಿಯರ ಭವಿಷ್ಯವಾಣಿ ಕೇಳಿದ ಸೇನಾನಿಯೊಬ್ಬ ಹೆಂಡತಿಯ ಜೊತೆ ಸೇರಿ ತನ್ನ ದೊರೆ ಡಂಕನ್‌ನನ್ನು ಕೊಂದು ರಾಜನಾಗುವ ಕಥೆ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್'. ಅದನ್ನು ಆಡಿಸಲು ಹೊರಟಾಗ ಹೆಕೇಟಳನ್ನು ಮೊದಲ ಓದಿಗೂ ಮುಂಚೆಯೇ ಕೈಬಿಟ್ಟೆ. ಮಾಟಗಾತಿಯರ ಒಡತಿಯಾಗಿ ನಡುನಡುವೆ ಬಂದು, ಬೈದು, ಹಾಡಿಗೆ ದಾರಿ ಮಾಡಿ ಹೋಗುವ ಆ ಭಾಗ ಷೇಕ್ಸ್‌ಪಿಯರನದಲ್ಲ, ಅದೇ ಕಾಲದ ಇನ್ನೊಬ್ಬ ನಾಟಕಕಾರ ಥಾಮಸ್ ಮಿಡಲ್ಟನ್ ಕೈ ಆಡಿಸಿದ್ದು ಎಂದು ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ನನ್ನ ಕಾರಣ ಪಾಂಡಿತ್ಯದ್ದಲ್ಲ. ಹೆಕೇಟ್ ಬಂದಳೆಂದರೆ ಮಾಟಗಾತಿಯರಿಗೂ ಒಂದು ಇಲಾಖೆ, ಒಬ್ಬ ಮೇಲಧಿಕಾರಿ, ಒಂದು ಕಾರ್ಯಯೋಜನೆ ಎಲ್ಲ ಬಂದುಬಿಡುತ್ತದೆ. ನೋಡುವವನಿಗೆ ನಿರಾಳ: ಓಹೋ, ಎಲ್ಲ ಇವರದೇ ಕಿತಾಪತಿ, ಪಾಪ ಮ್ಯಾಕ್‌ಬೆತ್ ಏನು ಮಾಡಿಯಾನು! ಆ ನಿರಾಳ ಸಿಗಬಾರದು ಎಂಬುದೊಂದೇ ಈ ನಾಟಕದ ಬಗ್ಗೆ ನನಗಿದ್ದ ಹಟ.

ನಮ್ಮದು ಮಲೆನಾಡಿನ ಸಣ್ಣ ಊರಿನ ಹವ್ಯಾಸಿ ತಂಡ. ಬ್ಯಾಂಕಿನವರು, ಮೇಷ್ಟ್ರುಗಳು, ಅಡಿಕೆ ಮಂಡಿಯ ಗುಮಾಸ್ತರೊಬ್ಬರು, ಕಾಲೇಜಿನ ಇಬ್ಬರು ಹುಡುಗಿಯರು. ಕಥೆಯನ್ನು ನಮ್ಮ ಕಡೆಗೇ ತಂದುಬಿಡೋಣ, ಪಾಳೆಯಗಾರರ ಕಾಲ ಮಾಡೋಣ ಎಂಬ ಸಲಹೆ ಬಂದೇ ಬಂತು. ಆ ಕೆಲಸ ಕನ್ನಡದಲ್ಲಿ ಆಗಿದೆ. ಎಂ.ಎಲ್. ಶ್ರೀಕಂಠೇಶಗೌಡರು 1895ರಷ್ಟು ಹಿಂದೆಯೇ ಇದನ್ನು 'ಪ್ರತಾಪರುದ್ರದೇವ' ಮಾಡಿದ್ದರು, ಎಚ್.ಎಸ್. ಶಿವಪ್ರಕಾಶರ 'ಮಾರನಾಯಕನ ದೃಷ್ಟಾಂತ' ಅಂತೂ ಜೈಲಿನ ಕೈದಿಗಳ ಬಾಯಲ್ಲೂ ಆಡಿತು. ಯಕ್ಷಗಾನದ ನಡೆಯಲ್ಲಿ ಆಡೋಣವೆಂದರೆ ಬಿ.ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ (ಎನ್‌ಎಸ್‌ಡಿ) ರೆಪರ್ಟರಿ ತಂಡಕ್ಕೆ ಹಿಂದಿಯಲ್ಲಿ 'ಬರ್ನಂ ವನ' ಮಾಡಿ ಆ ದಾರಿಯನ್ನೂ ತುಳಿದುಬಿಟ್ಟಿದ್ದಾರೆ. ಹಾಗಾಗಿ ಸ್ಕಾಟ್ಲೆಂಡನ್ನು ಸ್ಕಾಟ್ಲೆಂಡಾಗಿಯೇ ಬಿಟ್ಟು, ಆಡುವುದಕ್ಕೆ ಒಗ್ಗುವಂಥ ಕನ್ನಡವನ್ನು ನಾವೇ ಮಾಡಿಕೊಂಡೆವು. ಇಂಗ್ಲೆಂಡಿನ ರಂಗಮಂದಿರಗಳಲ್ಲಿ ಈ ನಾಟಕದ ಹೆಸರೆತ್ತುವುದೇ ಅಪಶಕುನವಂತೆ, 'ಸ್ಕಾಟಿಷ್ ನಾಟಕ' ಎಂದಷ್ಟೇ ಹೇಳುತ್ತಾರೆ. ನಾವು ಹೇಗೂ ಕಾಯಿ ಒಡೆದು ರಂಗಪೂಜೆ ಮಾಡುವವರು, ಯಾರೂ ಹೆದರಲಿಲ್ಲ.

ಮಾಟಗಾತಿಯರ ವಿಷಯಕ್ಕೆ ಬರುತ್ತೇನೆ, ಹೆಚ್ಚು ಜಗಳ ನಡೆದದ್ದು ಅಲ್ಲೇ. ಹುಡುಗಿಯರು ಮೊದಲ ದಿನವೇ ಬೆನ್ನು ಬಗ್ಗಿಸಿ, ಬೆರಳು ಸೊಟ್ಟ ಮಾಡಿ, ಕಿಸಕಿಸ ನಗಲು ಶುರುಮಾಡಿದರು. ಕೂರಿಸಿ, ಸ್ಕಾಟ್ಲೆಂಡಿನಿಂದ ಬಂದು ಇಂಗ್ಲೆಂಡನ್ನೂ ಆಳಿದ ಜೇಮ್ಸ್ ದೊರೆಯ ಕಥೆ ಹೇಳಿದೆ. ಈ ನಾಟಕ ಬರೆದದ್ದು 1606ರ ಸುಮಾರಿಗೆ, ಅವನ ಆಳ್ವಿಕೆಯಲ್ಲಿ. ಅದಕ್ಕೂ ಮೊದಲು, ಸ್ಕಾಟ್ಲೆಂಡಿನಲ್ಲಿದ್ದಾಗಲೇ, ತನ್ನ ಹಡಗಿಗೆ ಬಿರುಗಾಳಿ ಎಬ್ಬಿಸಿದರು ಎಂಬ ಆಪಾದನೆ ಹೊತ್ತ ಹೆಂಗಸರನ್ನು 1590-91ರ ನಾರ್ತ್ ಬರ್ವಿಕ್ ವಿಚಾರಣೆಯಲ್ಲಿ ಅವನೇ ಕೂತು ಪ್ರಶ್ನಿಸಿದ್ದ. 1597ರಲ್ಲಿ ಮಾಟದ ಮೇಲೊಂದು ಪುಸ್ತಕವನ್ನೂ ಬರೆದ. ಕಾರ್ಟೂನಿನ ಮುದುಕಿಯರ ಮಾತಲ್ಲ ಇದು, ಜನ ಜೀವ ಕಳೆದುಕೊಂಡ ವಿಷಯ. ನಗು ತಾನಾಗಿ ನಿಂತಿತು.

ಆಮೇಲೆ ಒಂದನೇ ಅಂಕದ ಮೂರನೇ ದೃಶ್ಯದ ಆರಂಭವನ್ನು ಮತ್ತೆ ಮತ್ತೆ ಓದಿಸಿದೆ. ನಾವಿಕನ ಹೆಂಡತಿಯೊಬ್ಬಳು ಕಾಯಿ ಮೆಲ್ಲುತ್ತ ಕೂತಿದ್ದಾಳೆ, ಕೇಳಿದರೆ ಕೊಡಲಿಲ್ಲ. ಅದಕ್ಕೆ ಮಾಟಗಾತಿಗೆ ಸಿಟ್ಟು: ಅವಳ ಗಂಡನ ಹಡಗನ್ನು ಹೊಯ್ದಾಡಿಸುತ್ತೇನೆ, ನಿದ್ದೆಗೆಡಿಸುತ್ತೇನೆ ಎನ್ನುತ್ತಾಳೆ. ಹಾಗೆಂದವಳೇ, ಹಡಗನ್ನು ಮುಳುಗಿಸಲು ಮಾತ್ರ ತನ್ನಿಂದಾಗದು ಎಂದೂ ಒಪ್ಪಿಕೊಳ್ಳುತ್ತಾಳೆ. ನಾಟಕವನ್ನು ಸಣ್ಣದು ಮಾಡುವ ಆತುರದಲ್ಲಿ ಬಹಳ ಜನ ಕತ್ತರಿ ಹಾಕುವ ಭಾಗ ಇದು. ನನಗೆ ಇಡೀ ನಿರ್ದೇಶನದ ಎಳೆ ಸಿಕ್ಕಿದ್ದು ಇಲ್ಲೇ: ಇವರು ಅಲುಗಾಡಿಸಬಲ್ಲರು, ಮುಳುಗಿಸಲಾರರು. ಮುಳುಗುವ ಕೆಲಸ ಅವನದೇ.

ಎರಡನೇ ದೃಶ್ಯವನ್ನೂ ಹಾಗೇ ಇಟ್ಟುಕೊಂಡೆ. ಗಾಯಗೊಂಡ ಸೈನಿಕನ ಉದ್ದನೆಯ ವರದಿ ಯಾರಿಗೂ ಇಷ್ಟವಿರಲಿಲ್ಲ. ಆದರೆ ಅದೇ ದೃಶ್ಯದ ಕೊನೆಗೆ ಡಂಕನ್ ದೊರೆ ಕಾಡರ್ ಎಂಬ ಸೀಮೆಯ ಒಡೆಯನ ಪದವಿಯನ್ನು ಮ್ಯಾಕ್‌ಬೆತ್‌ಗೆ ಕೊಟ್ಟಾಗಿರುತ್ತದೆ. ಗ್ಲಾಮಿಸ್ ಸೀಮೆಯದು ಅವನಿಗೆ ಮೊದಲಿನಿಂದ ಇದೆ. ಅಂದರೆ ಮಾಟಗಾತಿಯರು ಮೂರು ಬಿರುದು ಕೂಗಿದಾಗ ಎರಡು ಈಗಾಗಲೇ ಅವನವು, ಸಭೆಗೆ ಅದು ಗೊತ್ತು, ಅವನಿಗೆ ಗೊತ್ತಿಲ್ಲ. ಭವಿಷ್ಯ ಎನ್ನಬಹುದಾದದ್ದು ಮೂರನೆಯದೊಂದೇ. ಅದರಲ್ಲೂ 'ರಾಜನಾಗುವೆ' ಎಂದಿದೆಯೇ ಹೊರತು 'ಕೊಲ್ಲು' ಎಂದಿಲ್ಲ. ಆ ಕ್ಷಣದಲ್ಲಿ ಜೊತೆಯ ಸೇನಾನಿ ಬ್ಯಾಂಕೋ ಪಕ್ಕದಲ್ಲಿ ನಿಂತು ಕೇಳುತ್ತಾನೆ: ಇಷ್ಟು ಒಳ್ಳೆಯ ಮಾತಿಗೆ ಯಾಕಯ್ಯ ಬೆಚ್ಚಿಬಿದ್ದೆ? ನಮ್ಮ ಮ್ಯಾಕ್‌ಬೆತ್, ಬ್ಯಾಂಕಿನಲ್ಲಿ ಕ್ಯಾಷಿಯರ್, ಆ ಬೆಚ್ಚುವಿಕೆಗೆ ಬಹಳ ತಿಣುಕಿದ. "ಹೊಸ ಸುದ್ದಿ ಕೇಳಿದವನ ಹಾಗೆ ಬೆಚ್ಚಬೇಡ, ನಿನ್ನ ಗುಟ್ಟು ಇನ್ನೊಬ್ಬರ ಬಾಯಲ್ಲಿ ಬಂದ ಹಾಗೆ ಬೆಚ್ಚು" ಎಂದ ಮೇಲೆ ಬಂತು.

ಮಾಟಗಾತಿಯರಿಗೆ ಯುದ್ಧ ಮುಗಿದ ಬಯಲಿನಲ್ಲಿ ಹೆಣಗಳ ಉಂಗುರ, ಬೂಟು ಬಿಚ್ಚಿಕೊಳ್ಳುವವರ ವೇಷ ಕೊಟ್ಟೆ. ಮೂರನೆಯವರು ಮಂಡಿಯ ಗುಮಾಸ್ತರು, ಸ್ವಂತ ಗಡ್ಡದ ಸಮೇತ. ಹೆಂಗಸರೋ ಏನೋ, ಗಡ್ಡ ನೋಡಿದರೆ ಹೇಳಲಾಗದು ಎಂದು ಬ್ಯಾಂಕೋನೇ ಅನ್ನುತ್ತಾನಲ್ಲ, ಮೇಕಪ್ ಖರ್ಚು ಉಳಿಯಿತು. ಮಾತೆಲ್ಲ ಸಂತೆಯ ದನಿಯಲ್ಲಿ, ಹೊಗೆ ಇಲ್ಲ, ಎಕೋ ಇಲ್ಲ.

ಲೈಬ್ರರಿಯಲ್ಲಿ ಕೂತು ಓದುವ ಚಟವಿದ್ದ ನಮ್ಮ ಡಂಕನ್ ಒಂದು ಸಂಜೆ ಗೆಲುವಿನಿಂದ ಬಂದರು. "ಮೇಷ್ಟ್ರೇ, ನಿಜವಾದ ಮ್ಯಾಕ್‌ಬೆತ್ ಹೀಗಲ್ಲವಂತೆ!" ನಿಜ. ಚರಿತ್ರೆಯ ಡಂಕನ್ ಸತ್ತದ್ದು 1040ರಲ್ಲಿ ಯುದ್ಧದಲ್ಲಿ. ಮ್ಯಾಕ್‌ಬೆತ್ 1057ರವರೆಗೆ 17 ವರ್ಷ ಆಳಿದ, ನಡುವೆ ರೋಮ್ ಯಾತ್ರೆಗೂ ಹೋಗಿ ಬಂದ. ಷೇಕ್ಸ್‌ಪಿಯರ್ ಕಥೆ ಎತ್ತಿಕೊಂಡ ಹಾಲಿನ್‌ಷೆಡ್‌ನ ಇತಿಹಾಸದಲ್ಲೂ ಮ್ಯಾಕ್‌ಬೆತ್ ಹತ್ತು ವರ್ಷ ನ್ಯಾಯವಾಗಿ ಆಳುತ್ತಾನೆ, ಬ್ಯಾಂಕೋ ಕೊಲೆಯಲ್ಲಿ ಪಾಲುದಾರ. ಮನೆಗೆ ಬಂದ ದೊರೆಯನ್ನು ಮಲಗಿದ್ದಲ್ಲೇ ಕೊಲ್ಲುವ ಕಥೆ ಅದೇ ಪುಸ್ತಕದ ಇನ್ನೊಬ್ಬನದು: ಡಫ್ ದೊರೆಯನ್ನು ಕೊಂದ ಡಾನ್ವಾಲ್ಡ್, ಅವನನ್ನು ಚುಚ್ಚಿ ಕೊಟ್ಟ ಹೆಂಡತಿ. ನಾಟಕಕಾರ ಇವೆರಡನ್ನೂ ಬೆಸೆದ. ಬೆಸೆಯುವಾಗ ಮ್ಯಾಕ್‌ಬೆತ್‌ಗೆ ನೆಪವಾಗಬಹುದಾಗಿದ್ದುದನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿದ. ಒಳ್ಳೆಯ ಆಳ್ವಿಕೆ ಹೋಯಿತು, ಜೊತೆಗಾರ ಹೋದ, ಡಂಕನ್ ಸಜ್ಜನ ಮುದುಕನಾದ.

ಇದನ್ನು ಕೇಳಿದ ಮೇಲೆ ಒಂದನೇ ಅಂಕದ ಏಳನೇ ದೃಶ್ಯದ ಸ್ವಗತ ನಮ್ಮ ಕ್ಯಾಷಿಯರನಿಗೆ ಸಲೀಸಾಯಿತು. ಒಳಗೆ ಊಟ ನಡೆಯುತ್ತಿದೆ, ಇವನು ಎದ್ದು ಹೊರಗೆ ಬಂದು ಲೆಕ್ಕ ಹಾಕುತ್ತಾನೆ. ಡಂಕನ್ ನನ್ನ ನೆಂಟ, ನನ್ನ ದೊರೆ, ಮೇಲಾಗಿ ಈ ರಾತ್ರಿ ನನ್ನ ಅತಿಥಿ. ಕೊಲೆಗಾರನಿಗೆ ಬಾಗಿಲು ಹಾಕಬೇಕಾದವನು ನಾನೇ ಚೂರಿ ಹಿಡಿಯುವುದೆ? ಬೇಡ ಎನ್ನಲು ಇಷ್ಟು ಕಾರಣ, ಬೇಕು ಎನ್ನಲು ಹಾರುವ ಆಸೆಯೊಂದೇ. ಲೆಡ್ಜರಿನ ಎರಡೂ ಕಡೆ ಓದುವವನ ಹಾಗೆ ಸಮಾಧಾನವಾಗಿ ಹೇಳಿಸಿದೆ, ಕೂಗಾಟವಿಲ್ಲ. ಅವನಿಗೆ ಎಲ್ಲವೂ ಗೊತ್ತಿದೆ, ಗೊತ್ತಿದ್ದೂ ಹೋಗುತ್ತಾನೆ. ಆ 'ಗೊತ್ತಿದ್ದೂ' ಸಭೆಗೆ ಮುಟ್ಟದಿದ್ದರೆ ಮುಂದಿನ ನಾಲ್ಕು ಅಂಕ ಬರೀ ರಕ್ತ.

ಗಾಳಿಯಲ್ಲಿ ಕಾಣುವ ಚೂರಿಗೆ ನಾನು ಹಿಡಿದ ದಾರಿ ಇದು. ತಾಲೀಮಿನಲ್ಲಿ ನಿಜವಾದ ಚೂರಿಯೊಂದನ್ನು ಹುರಿಯಲ್ಲಿ ಕಟ್ಟಿ ಎದೆಯ ಮಟ್ಟಕ್ಕೆ ತೂಗುಬಿಟ್ಟೆ, ಹಿಡಿ ಅವನ ಕಡೆಗೆ. ಕಣ್ಣು ಅಲ್ಲಿ ನೆಟ್ಟು ಮಾತಾಡುವುದು ರೂಢಿಯಾಗಲಿ ಎಂದು. ಆಮೇಲೆ ಚೂರಿ ತೆಗೆದೆವು, ನೋಟ ಉಳಿಯಿತು. ನೋಡನೋಡುತ್ತ ಅಲಗಿನ ಮೇಲೆ ರಕ್ತ ಮೂಡುವಲ್ಲಿ ಹಿಡಿಯಿಂದ ತುದಿಗೆ ಕಣ್ಣು ಜರುಗಬೇಕು, ಅಷ್ಟೇ. ಲೈಟು ಬದಲಾಗಲಿಲ್ಲ. ಅವನೊಬ್ಬನಿಗೇ ಕಾಣುವುದನ್ನು ನಾವು ಕಾಣುವುದು ಬೇಡ.

ಕೊಲೆ ನಡೆಯುವುದು ಒಳಗೆ, ಸೈಡ್‌ವಿಂಗಿನ ಆಚೆ. ರಂಗದ ಮೇಲೆ ಉಳಿಯುವುದು ಗೂಬೆಯ ಕೂಗು ಮತ್ತು ಗಂಡ ಹೆಂಡತಿಯ ತುಂಡು ತುಂಡು ಮಾತು. "ಮಾತಾಡಿದೆಯಾ?" "ಯಾವಾಗ?" "ಈಗ." "ನಾನು ಇಳಿದು ಬರುವಾಗಲಾ?" ಪಿಸುಗುಟ್ಟಿದರೆ ಕೊನೆಯ ಸಾಲಿಗೆ ಕೇಳಿಸದು, ಜೋರು ಮಾಡಿದರೆ ಮನೆಮಂದಿ ಎದ್ದಾರು. ಉಸಿರು ಕಡಿಮೆ ಮಾಡಿ ವ್ಯಂಜನಗಳನ್ನು ಒತ್ತಿ ಹೇಳುವ ಅಭ್ಯಾಸಕ್ಕೆ ಇಬ್ಬರನ್ನೂ ಹಾಲಿನ ಎರಡು ತುದಿಗೆ ನಿಲ್ಲಿಸಿ ದೀಪ ಆರಿಸುತ್ತಿದ್ದೆ. ಅವನು ಚೂರಿಗಳನ್ನು ಕೈಯಲ್ಲೇ ಹಿಡಿದು ಬಂದಿರುವುದು ಸಭೆಗೆ ಮೊದಲು ಕಾಣಬೇಕು, ಅವಳಿಗೆ ತಡವಾಗಿ. ಹಾಗಾಗಿ ಅವಳ ಮುಖ ಬೇರೆ ಕಡೆಗೆ. ದೇವರ ಹೆಸರಿಗೆ 'ಆಮೆನ್' ಎನ್ನಲು ಹೋದರೆ ಗಂಟಲಲ್ಲೇ ಸಿಕ್ಕಿಕೊಂಡಿತು ಎಂದು ಅವನು ಹಲುಬುತ್ತಿರುವಾಗ ಅವಳು ಕೈ ನೋಡುತ್ತಾಳೆ.

ರಕ್ತದ ಬಗ್ಗೆ ಎರಡು ಮಾತು, ಹೊಸಬರಿಗೆ ಉಪಯೋಗವಾದೀತು. ಕುಂಕುಮದ ನೀರು ಹಳದಿ ಲೈಟಿನ ಕೆಳಗೆ ಕಿತ್ತಳೆಯಾಗಿ ಕಾಣುತ್ತದೆ. ಬೆಲ್ಲದ ಪಾಕಕ್ಕೆ ಕೆಂಪು ಫುಡ್ ಕಲರ್, ಸ್ವಲ್ಪ ಕಾಫಿ ಡಿಕಾಕ್ಷನ್ ಬೆರೆಸಿದೆವು. ಬಣ್ಣ ಕಪ್ಪಗಾಯಿತು, ಅದಕ್ಕಿಂತ ಮುಖ್ಯವಾಗಿ ಬೆರಳು ಅಂಟಿತು. ಲೇಡಿ ಮ್ಯಾಕ್‌ಬೆತ್ ಮಾಡಿದ ಹೈಸ್ಕೂಲು ಟೀಚರ್ ಆ ಅಂಟನ್ನು ಮರೆಯಲಿಲ್ಲ. ಐದನೇ ಅಂಕದಲ್ಲಿ ನಿದ್ದೆಯಲ್ಲಿ ಕೈ ತೊಳೆಯುವಾಗ ಅವರು ಕೈ ಉಜ್ಜಲೇ ಇಲ್ಲ. ಅಂಟಿಕೊಂಡ ಬೆರಳುಗಳನ್ನು ಒಂದರಿಂದ ಒಂದು ಬಿಡಿಸಿದರು. ನಾನು ಹೇಳಿಕೊಟ್ಟದ್ದಲ್ಲ.

ಕೊಲೆಯ ಬೆನ್ನಿಗೇ ಬಾಗಿಲು ಬಡಿಯುವ ಸದ್ದು. ಇಂಗ್ಲಿಷ್ ಪ್ರಬಂಧಕಾರ ಡಿ ಕ್ವಿನ್ಸಿ 1823ರಲ್ಲಿ ಈ ಸದ್ದಿನ ಮೇಲೆಯೇ ಒಂದು ಪ್ರಬಂಧ ಬರೆದ. ಕೊಲೆಗಾಗಿ ನಿಂತುಹೋಗಿದ್ದ ಲೋಕ ಆ ಬಡಿತದಿಂದ ಮತ್ತೆ ಚಲಿಸುತ್ತದೆ ಎಂಬುದು ಅವನ ವಾದ. ಸ್ಪೀಕರಿನ ಸದ್ದು ನನಗೆ ಒಗ್ಗಲಿಲ್ಲ. ಪ್ರೇಕ್ಷಕರ ಬೆನ್ನ ಹಿಂದಿನ, ಅವರೇ ಒಳಗೆ ಬಂದ ಬಾಗಿಲನ್ನು ಹೊರಗಿನಿಂದ ಮರದ ಕೊಡತಿಯಲ್ಲಿ ಬಡಿಸಿದೆ. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು, ಒಬ್ಬರು ಬಾಗಿಲು ತೆಗೆಯಲು ಎದ್ದರು ಕೂಡ. ಆಮೇಲೆ ಬರುವ ಕುಡುಕ ದ್ವಾರಪಾಲಕನನ್ನು ತೆಗೆಯಿರಿ ಎಂದವರಿಗೆ ನನ್ನ ಉತ್ತರ ಒಂದೇ: ಅವನು ನಗಿಸುತ್ತಿರುವಾಗಲೇ ನನ್ನ ಮ್ಯಾಕ್‌ಬೆತ್ ಬೆಲ್ಲದ ಪಾಕ ತೊಳೆದುಕೊಂಡು ರಾತ್ರಿಯಂಗಿ ತೊಡಬೇಕು.

ಇನ್ನು ದೆವ್ವ. ಮ್ಯಾಕ್‌ಬೆತ್ ಕೊಲ್ಲಿಸಿದ ಬ್ಯಾಂಕೋನ ಪ್ರೇತವನ್ನು ಔತಣದಲ್ಲಿ ತೋರಿಸಬೇಕೆ, ಖಾಲಿ ಕುರ್ಚಿ ಸಾಕೆ ಎಂಬುದು ಹಳೆಯ ತಕರಾರು. 1794ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ನಟ ಕೆಂಬಲ್ ಖಾಲಿ ಕುರ್ಚಿಯನ್ನೇ ನೆಚ್ಚಿದ. ಆದರೆ 1611ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ನಾಟಕ ನೋಡಿದ ಸೈಮನ್ ಫೋರ್ಮನ್, ಪ್ರೇತ ಬಂದು ಮ್ಯಾಕ್‌ಬೆತ್‌ನ ಕುರ್ಚಿಯಲ್ಲಿ ಕೂತದ್ದನ್ನು ಬರೆದಿಟ್ಟಿದ್ದಾನೆ. ಷೇಕ್ಸ್‌ಪಿಯರನ ನಾಟಕಗಳ ಮೊದಲ ಸಂಗ್ರಹವಾದ 1623ರ ಫೋಲಿಯೊದಲ್ಲೂ ಪ್ರವೇಶದ ಸೂಚನೆ ಇದೆ. ನಾನು ತೋರಿಸಿದೆ. ಚೂರಿಯನ್ನು ಬಚ್ಚಿಟ್ಟವನು ಪ್ರೇತವನ್ನು ಯಾಕೆ ತೋರಿಸಿದೆ ಎಂದರೆ, ಅಷ್ಟು ಹೊತ್ತಿಗೆ ಸಭೆಗೂ ಇವನ ಗುಟ್ಟೆಲ್ಲ ಗೊತ್ತು, ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲ. ಪಾಪ ಬಲ್ಲವರಿಗೆ ಪ್ರೇತ ಕಾಣಲಿ.

"ಮೇಷ್ಟ್ರೇ, ದೆವ್ವಕ್ಕೆ ಹಸಿರು ಲೈಟು ಬೇಡ್ವಾ?" ಲೈಟಿನ ಹುಡುಗನಿಗೆ ಭಾರಿ ನಿರಾಸೆ. ಬೇಡ ಎಂದೆ. ತಟ್ಟೆ ಹೊತ್ತ ಆಳುಗಳ ಸಾಲಿನಲ್ಲಿ ಬ್ಯಾಂಕೋ ಸುಮ್ಮನೆ ನಡೆದು ಬಂದು ಕೂತ, ಊಟಕ್ಕೆ ತಡವಾಗಿ ಬಂದ ನೆಂಟನಷ್ಟೇ ಸಹಜವಾಗಿ. ಕಷ್ಟವಾದದ್ದು ಅವನ ಪಾತ್ರವಲ್ಲ, ಉಳಿದವರದು. ಪಕ್ಕದಲ್ಲಿ ತಲೆಯೊಡೆದವನು ಕೂತಿರುವಾಗ ಯಾರ ಕಣ್ಣೂ ಅತ್ತ ಹೊರಳಬಾರದು. ಒಬ್ಬ ಕಿರುಗಣ್ಣಲ್ಲಿ ನೋಡಿದರೂ ದೆವ್ವ ಹೋಗಿ ನಟನಾಗುತ್ತಾನೆ. ಅದಕ್ಕೆ ಎಲ್ಲರೂ ಮ್ಯಾಕ್‌ಬೆತ್‌ನ ಬಾಯನ್ನೇ ನೋಡಬೇಕು ಎಂದು ಕಟ್ಟುಮಾಡಿದೆ. ನೋಡುವುದಕ್ಕೆ ಬೇರೊಂದಿದ್ದರೆ ಕಣ್ಣು ಅಲೆಯುವುದಿಲ್ಲ.

ಈ ಔತಣದ ನಂತರ ಲೇಡಿ ಮ್ಯಾಕ್‌ಬೆತ್ ಬಹಳ ಹೊತ್ತು ಕಾಣುವುದಿಲ್ಲ, ಕಂಡಾಗ ನಿದ್ದೆಯಲ್ಲಿ ನಡೆಯುತ್ತಿರುತ್ತಾಳೆ. ಟೀಚರ್ ಆ ಪಾತ್ರವನ್ನು ಕ್ರೂರಿಯೆಂದು ಒಪ್ಪಲೇ ಇಲ್ಲ. "ಮಲಗಿದ್ದ ಮುದುಕ ನನ್ನಪ್ಪನ ಹಾಗೆ ಕಂಡಿರದಿದ್ದರೆ ನಾನೇ ಮುಗಿಸುತ್ತಿದ್ದೆ ಅಂತಾಳಲ್ಲ ಸರ್, ಅಲ್ಲೇ ಇವಳು ಸೋತಳು" ಎಂದರು. ಅವರ ಮಾತೇ ಸರಿ. ನಿದ್ದೆಯ ಮಾತು ಪದ್ಯದಲ್ಲಿಲ್ಲ, ಗದ್ಯದಲ್ಲಿದೆ, ಹಿಂದಿನ ದೃಶ್ಯಗಳ ಚೂರುಗಳು: ಗಂಟೆ, ಕೈ, ಫೈಫ್‌ನವನ (ಮ್ಯಾಕ್‌ಡಫ್‌ನ) ಹೆಂಡತಿ, ಬ್ಯಾಂಕೋ, ಬಾಗಿಲು. ಒಂದೊಂದು ಚೂರಿಗೂ ಅದು ಹುಟ್ಟಿದ ಹೊತ್ತನ್ನು ಮತ್ತೆ ಆಡಿಸಿ, ಮೈಯ ನಿಲುವು ಮಾತ್ರ ಉಳಿಸಿಕೊಂಡೆವು. ಬಾಗಿಲು ಬಡಿಯುತ್ತಿದ್ದಾರೆ, ಬಾ ಬಾ ಎಂದು ಅವಳು ಅವಸರಪಡುವಾಗ ಕೊಡತಿಯ ಹುಡುಗ ಸುಮ್ಮನಿದ್ದ. ಸದ್ದಿಗೆ ಕಾದು ಹಿಂದಕ್ಕೆ ತಿರುಗಿದವರನ್ನು ನಾನು ಲೈಟ್ ಬೋರ್ಡಿನ ಹತ್ತಿರ ನಿಂತು ನೋಡಿದೆ.

ಕೊನೆಗೆ ಸೈನಿಕರು ರೆಂಬೆ ಹಿಡಿದು ಬರುವಾಗ ನಡೆದು ಬಂದಂತೆ ಕಾಣುವ ಬರ್ನಂ ಕಾಡಿಗೆ ಅಕೇಶಿಯಾ ರೆಂಬೆ ಆಯಿತು, ಅದಕ್ಕೆ ನಮ್ಮಲ್ಲಿ ಬರವಿಲ್ಲ. ಕತ್ತಿವರಸೆ ಸಾಧಾರಣ. ಕೊನೆಯಲ್ಲಿ ಮ್ಯಾಕ್‌ಬೆತ್‌ನನ್ನು ಕೊಂದ ಮ್ಯಾಕ್‌ಡಫ್ ಅವನ ತಲೆ ಹಿಡಿದು ಬರುವ ಸೂಚನೆಯನ್ನು ಬಿಟ್ಟು ಕಿರೀಟವನ್ನಷ್ಟೇ ತರಿಸಿದೆ. ಥರ್ಮೋಕೋಲಿನ ತಲೆಗೆ ಜನ ನಗುತ್ತಾರೆ.

ಶೋ ಮುಗಿದ ಮೇಲೆ ಗ್ರೀನ್‌ರೂಮಿಗೆ ಬಂದ ಒಬ್ಬ ಹಿರಿಯರು ಲೇಡಿ ಮ್ಯಾಕ್‌ಬೆತ್‌ಗೆ ಕೈಮುಗಿದು, ನನ್ನ ಕಡೆ ತಿರುಗಿ, "ಅಲ್ಲ ಮಾರಾಯ್ರೇ, ಆ ಬ್ಯಾಂಕೋನ ಮಗ ಓಡಿಹೋದ್ನಲ್ಲ, ಅವನ ವಂಶದವರು ರಾಜರಾಗ್ತಾರೆ ಅಂತ ಮಾಟಗಾತಿಯರು ಅಂದಿದ್ರು, ಕೊನೆಗೆ ಪಟ್ಟ ಕಟ್ಟಿದ್ದು ಡಂಕನ್ನನ ಮಗ ಮಾಲ್ಕಮ್‌ಗೆ!" ಎಂದರು. 1606ರ ಸಭೆಗೆ ಈ ಅನುಮಾನ ಬರುತ್ತಿರಲಿಲ್ಲ. ಸ್ಟುವರ್ಟ್ ಮನೆತನದ ಮೂಲಪುರುಷ ಬ್ಯಾಂಕೋ ಎಂದು ಆಗ ನಂಬಿದ್ದರು, ಆ ಮನೆತನದ ಜೇಮ್ಸನೇ ಸಿಂಹಾಸನದ ಮೇಲಿದ್ದ. ಬ್ಯಾಂಕೋ ಎಂಬವನು ಇರಲೇ ಇಲ್ಲ, ಇತಿಹಾಸ ಬರೆದವರ ಸೃಷ್ಟಿ ಎನ್ನುವುದು ಈಗಿನ ಚರಿತ್ರೆಕಾರರ ಮಾತು. ಇಷ್ಟನ್ನೂ ಅವರಿಗೆ ವಿವರಿಸಿದೆ. "ಹಾಗಾದ್ರೆ ಅವರು ಹೇಳಿದ್ದು ಸುಳ್ಳಾ ನಿಜಾನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊನೆಯ ಬಸ್ಸಿಗೆ ಹೊರಟರು. ಮುಂದಿನ ಪ್ರದರ್ಶನದ ಕರಪತ್ರದಲ್ಲಿ ಜೇಮ್ಸನ ಬಗ್ಗೆ ಎರಡು ಸಾಲು ಹಾಕೋಣವೇ ಎಂದು ಹುಡುಗಿಯರು ಕೇಳಿದರು. ಹಾಕಲಿಲ್ಲ.