ಕೈಗೆ ಕಟ್ಟಿದ ವಾಚ್ ಅಜ್ಜಿಯ ಹೆಜ್ಜೆ ಎಣಿಸಲಿಲ್ಲ

ಮುಂಬೈ ಸುತ್ತಲಿನ ಮಾಟುಂಗಾ, ಡೊಂಬಿವಲಿ ಕಡೆ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುತ್ತೇನೆ. ಸೊಂಟದ ಕೀಲು ಬದಲಿಸಿಕೊಂಡವರೇ ಜಾಸ್ತಿ. "ದಿನಾ ಎಷ್ಟು ನಡೀತೀರಿ?" ಅಂತ ಕೇಳಿದರೆ "ಸುಮಾರು ನಡೀತೇನೆ" ಅನ್ನುತ್ತಾರೆ. ಆ ಸುಮಾರು ಎಷ್ಟು ಅಂತ ಗೊತ್ತಾಗದೆ ನಡಿಗೆ ಹೆಚ್ಚಿಸಲು ಹೇಗೆ ಹೇಳುವುದು?

ಕುಂದಾಪುರ ಕಡೆಯ ಒಬ್ಬ ಅಜ್ಜಿ, ಚಾಳ್‌ನಲ್ಲಿ ಮನೆ; ಸಾಲು ಮನೆಗಳ ವಠಾರ ಅದು, ಮನೆಗಳ ಮುಂದೆ ಉದ್ದನೆಯ ಗ್ಯಾಲರಿ. ಆಪರೇಷನ್ ಆಗಿ ಮೂರನೇ ವಾರ, ವಾಕರ್ ಹಿಡಿದು ನಡೆಯುತ್ತಿದ್ದರು. ಮಗ ಸ್ಮಾರ್ಟ್‌ವಾಚ್ ತಂದು ಕೈಗೆ ಕಟ್ಟಿದ್ದರು. ಸಂಜೆ ನೋಡಿದರೆ ಎಣಿಕೆ ತೀರಾ ಕಡಿಮೆ. ಮಗ ಗದರಿದರು. "ಮಗಾ, ಸುಳ್ಳು ಹೇಳ್ತಿಲ್ಲ, ಗ್ಯಾಲರಿಯಲ್ಲಿ ಆರು ಸಲ ಹೋಗಿ ಬಂದೆ" ಅಂತ ನನ್ನ ಹತ್ತಿರ ಕಣ್ಣೀರು ಹಾಕಿದರು.

ಮರುದಿನ ಜೊತೆಗೇ ನಡೆದು 100 ಹೆಜ್ಜೆ ಎಣಿಸಿದೆ. ವಾಚ್ ತೋರಿಸಿದ್ದು 21. ಕೈಗೆ ಕಟ್ಟಿದ ವಾಚ್ ಕೈ ಬೀಸುವುದರಿಂದ ಹೆಜ್ಜೆ ಲೆಕ್ಕ ಹಾಕುತ್ತದೆ. ವಾಕರ್ ಹಿಡಿದ ಕೈ ಬೀಸುವುದೇ ಇಲ್ಲ, ಅಲ್ವಾ? ಅದನ್ನೇ ಪಾದದ ಗಂಟಿನ ಮೇಲೆ ಕಟ್ಟಿ ಮತ್ತೆ ಎಣಿಸಿದೆ: 93. ಆಪರೇಷನ್ ಆಗದ ಕಾಲಿಗೇ ಕಟ್ಟಿದ್ದು. ಇನ್ನೊಂದು ಕಾಲಿನಲ್ಲಿ ಮೊದಲ ವಾರಗಳಲ್ಲಿ ಬಾವು ಇರುತ್ತದೆ, ಪಟ್ಟಿ ಒತ್ತಬಾರದು. ಎಲ್ಲ ವಾಚ್‌ಗಳೂ ಕಾಲಿನಲ್ಲಿ ಸರಿ ಎಣಿಸುವುದಿಲ್ಲ, ಹಾಗಾಗಿ ಈ 100 ಹೆಜ್ಜೆಯ ಪರೀಕ್ಷೆಯನ್ನು ಈಗ ಎಲ್ಲರ ಮನೆಯಲ್ಲೂ ಮಾಡುತ್ತೇನೆ.

ಮೊದಲ ದಿನದ ಎಣಿಕೆ ಬಿಡುತ್ತೇನೆ. ಹೊಸ ಸಾಧನ ಕಂಡರೆ ಎಲ್ಲರೂ ಜಾಸ್ತಿ ನಡೆಯುತ್ತಾರೆ. ನಂತರದ ಏಳು ದಿನದ ಸರಾಸರಿಯೇ ಅವರ ಆರಂಭ. 10,000 ಹೆಜ್ಜೆ ಅಂತ ಯಾರನ್ನೂ ಹೆದರಿಸಬೇಡಿ. ಆ ಸಂಖ್ಯೆ ಬಂದಿದ್ದು 1965ರಲ್ಲಿ ಜಪಾನಿನಲ್ಲಿ ಮಾರಿದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ, ಆಪರೇಷನ್ ಆದವರನ್ನು ನೋಡಿ ಅಲ್ಲ.

ಹೆಜ್ಜೆ ಸಾಲದು ಅಂತ ಇನ್ನೊಂದು ಅಳತೆಯನ್ನೂ ಇಟ್ಟುಕೊಂಡೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್? ಗ್ಯಾಲರಿಯ ನೆಲಕ್ಕೆ ಟೇಪ್ ಅಂಟಿಸಿದೆ. ಪ್ರತಿ ಸಲ ಅದೇ ಕೈಯಿರುವ ಕುರ್ಚಿ. ತಗ್ಗಾದ ಕುರ್ಚಿ ಖಂಡಿತ ಬೇಡ, ಹೊಸ ಕೀಲು ಜಾಸ್ತಿ ಬಾಗುತ್ತದೆ. ಅಜ್ಜಿಗೆ ಮೊದಲು 34 ಸೆಕೆಂಡ್ ಬೇಕಾಯಿತು, ಎಂಟನೇ ವಾರ 19.

ಜುಲೈನಲ್ಲಿ ಹೆಜ್ಜೆ ದಿಢೀರ್ ಇಳಿದಾಗ ನನಗೆ ಗಾಬರಿಯಾಯಿತು. ಅಜ್ಜಿ ಕಾಲನಿರ್ಣಯ ಕ್ಯಾಲೆಂಡರ್ ತೋರಿಸಿದರು. ದಿನದ ಎಣಿಕೆಯ ಪಕ್ಕದಲ್ಲಿ ತಾವೇ ಪೆನ್ಸಿಲಿನಲ್ಲಿ "ಮಳೆ, ಗ್ಯಾಲರಿ ಒದ್ದೆ" ಅಂತ ಬರೆದಿದ್ದರು. ಅಂದಿನಿಂದ ಮಳೆಯ ದಿನಗಳಿಗೆ ಅಡುಗೆಮನೆಯಿಂದ ಬಾಗಿಲವರೆಗಿನ ದಾರಿ ಅಳೆದುಕೊಟ್ಟೆ.